ಪನ್ಹಾಳಗಡದಿಂದ ವಿಶಾಳಗಡಕ್ಕೆ

ಆಷಾಢದ ಮಳೆ ಹಿಡಿಯಿತೆಂದರೆ ಸಹ್ಯಾದ್ರಿಯ ಕೋಟೆಗಳ ಕಡೆಗೆ ಜನರ ಹೆಜ್ಜೆ ತಿರುಗುತ್ತದೆ. ಮುಂಬಯಿ ಪುಣೆಗಳಿಂದ ಹೊರಡುವ ಸಾವಿರಾರು ತರುಣರ ಜತೆಯಲ್ಲಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯ ನಮ್ಮ ಹುಡುಗರೂ ಬೆನ್ನಿಗೊಂದು ಚೀಲ ಏರಿಸಿಕೊಂಡು ಕೊಲ್ಲಾಪುರದ ದಾರಿ ಹಿಡಿಯುತ್ತಾರೆ. ಹೊರಡುವಾಗ ಮನೆಯಲ್ಲಿ ಹಿರಿಯರೊಬ್ಬರು, “ಅದು ಅವರ ಗಡ, ಅಲ್ಲಿ ನಿನಗೇನಪ್ಪಾ ಕೆಲಸ?” ಎಂದು ಕೇಳುವುದುಂಟು. ದಾರಿಯಲ್ಲಿ ಜತೆಗೂಡಿದ ಸಂಗಡಿಗನೊಬ್ಬ, ಇವರು ತಮ್ಮತಮ್ಮೊಳಗೆ ಕನ್ನಡ ಮಾತನಾಡುವುದನ್ನು ಕೇಳಿ, “ನಿಮಗೂ ಇದರಲ್ಲಿ ಆಸ್ಥೆ ಇದೆಯೇ?” ಎಂದು ಅಚ್ಚರಿಪಡುವುದೂ ಉಂಟು. ಇಬ್ಬರ ಮನಸ್ಸೂ ಕೆಟ್ಟದ್ದಲ್ಲ. ಆದರೆ ಇಬ್ಬರದೂ ಒಂದೇ ತಪ್ಪು. ಒಂದು ಬೆಟ್ಟ ಒಂದೇ ಕಾಲಕ್ಕೆ, ಒಂದೇ ನುಡಿಗೆ ಸೇರಿದ್ದೆಂಬ ಎಣಿಕೆ ಅದು. ಪನ್ಹಾಳಗಡದಿಂದ ವಿಶಾಳಗಡದವರೆಗಿನ ದಾರಿಯನ್ನು ಕಣ್ಣು ತೆರೆದು ನಡೆದವನಿಗೆ ಆ ಎಣಿಕೆ ಉಳಿಯಲಾರದು. ಆ ದಾರಿಯ ಕಥೆಯನ್ನು ನಮ್ಮ ಮನೆಮಂದಿಯ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಬೆಟ್ಟದ ಮಾತು. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ಈ ಕಪ್ಪು ಶಿಲೆಯ ನಾಡು ಆಯಿತು. ಮಳೆ ಗಾಳಿಗಳು ಮೆತ್ತನೆಯ ಪದರಗಳನ್ನು ಸವೆಸಿ ಗಟ್ಟಿಯಾದವುಗಳನ್ನು ಉಳಿಸಿದುದರಿಂದ, ಸಹ್ಯಾದ್ರಿಯ ಎಷ್ಟೋ ಗುಡ್ಡಗಳ ನೆತ್ತಿ ಜಗಲಿಯಂತೆ ಸಪಾಟಾಗಿಯೂ ಅದರ ಸುತ್ತಿನ ಅಂಚು ಗೋಡೆಯಂತೆ ಕಡಿದಾಗಿಯೂ ನಿಂತಿದೆ. ಅರ್ಧ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಂತಾಯಿತು. ಮನುಷ್ಯನಿಗೆ ಉಳಿದ ಕೆಲಸ ಕಂಡಿಗಳನ್ನು ಮುಚ್ಚಿ, ಬಾಗಿಲಿಟ್ಟು, ನೀರು ನಿಲ್ಲಿಸುವುದಷ್ಟೇ. ಕೊಲ್ಲಾಪುರದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಬಯಲಿನಿಂದ 400 ಮೀಟರಿಗೂ ಮಿಗಿಲಾಗಿ ಎದ್ದುನಿಂತಿರುವ ಪನ್ಹಾಳಗಡ ಇಂಥದೇ ಒಂದು ಗುಡ್ಡ. ಅದರ ಸುತ್ತಳತೆ ಸುಮಾರು 7 ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಸಹಜವಾದ ಕಡಿಬಂಡೆಯೇ ಕಾವಲು.

ಈ ಗುಡ್ಡವನ್ನು ದುರ್ಗವಾಗಿಸಿದವರು ಕೊಲ್ಲಾಪುರದ ಶಿಲಾಹಾರರು. ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿ ಕೊಲ್ಲಾಪುರ, ಮಿರಜ, ಕರ್ಹಾಡಗಳ ಪ್ರಾಂತವನ್ನಾಳಿದ ಈ ಅರಸರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡರು. ಆ ತಗರವೆಂದರೆ ಸೊಲ್ಲಾಪುರದವರಿಗೆ ಬಹು ದೂರವಲ್ಲದ, ಧಾರಾಶಿವ ಜಿಲ್ಲೆಯ ಇಂದಿನ ತೇರ ಗ್ರಾಮ. ಕೊಲ್ಲಾಪುರದ ಮಹಾಲಕ್ಷ್ಮಿ ಅವರ ಕುಲದೇವತೆ. ಬಂಗಾರದ ಗರುಡ ಅವರ ಧ್ವಜ. ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಈ ಮನೆತನದ ಮಗಳು. ಆಕೆಯ ಸ್ವಯಂವರವನ್ನು ಬಿಲ್ಹಣನು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ವರ್ಣಿಸಿರುವನು. ಈ ಮನೆತನದ ಗಂಡರಾದಿತ್ಯನು ತಾನು ಕಟ್ಟಿಸಿದ ಕೆರೆಯ ದಂಡೆಯ ಮೇಲೆ ಶಿವನಿಗೂ ಬುದ್ಧನಿಗೂ ಜಿನನಿಗೂ ಗುಡಿಗಳನ್ನೆತ್ತಿಸಿದನೆಂಬುದು ಆ ಕಾಲದ ಔದಾರ್ಯಕ್ಕೆ ಸಾಕ್ಷಿ. ಅವನ ಮೊಮ್ಮಗ ಎರಡನೆಯ ಭೋಜನು 12ನೆಯ ಶತಮಾನದ ಕೊನೆಯ ಭಾಗದಲ್ಲಿ ಪನ್ಹಾಳವನ್ನು ತನ್ನ ಬಲದ ನೆಲೆಯಾಗಿಸಿಕೊಂಡನು. ಈ ಸೀಮೆಯ ಇನ್ನೂ ಅನೇಕ ಕೋಟೆಗಳನ್ನು ಅವನೇ ಕಟ್ಟಿಸಿದನೆಂದು ಜನ ಹೇಳುತ್ತ ಬಂದಿದ್ದಾರೆ.

ಈ ಅರಸರ ಶಾಸನಗಳಲ್ಲಿ ಸಂಸ್ಕೃತದೊಡನೆ ಕನ್ನಡವೂ ಸಲೀಸಾಗಿ ಓಡಾಡಿದೆ. ಭೋಜನ ತಂದೆ ವಿಜಯಾದಿತ್ಯನ ಆಶ್ರಯದ ವಲಯದಲ್ಲಿಯೇ ಕರ್ಣಪಾರ್ಯನು ತನ್ನ ‘ನೇಮಿನಾಥಪುರಾಣ’ವನ್ನು ಕನ್ನಡದಲ್ಲಿ ರಚಿಸಿದನು. ಭೋಜನ ಕಾಲದಲ್ಲಿ, 1205ರಲ್ಲಿ, ಇಂದಿನ ಆಜರೆಯಲ್ಲಿ ಸೋಮದೇವನು ‘ಶಬ್ದಾರ್ಣವಚಂದ್ರಿಕೆ’ಯೆಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಮುಗಿಸಿದನು. ಕೃಷ್ಣಾತೀರದ ಖಿದ್ರಾಪುರದ ಕೋಪೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ಕಲ್ಲುಗಳಲ್ಲಿ ಕನ್ನಡ ಬರೆಹವನ್ನು ಇಂದಿಗೂ ಕಾಣಬಹುದು. ಇದನ್ನು ಹೇಳುವುದು ಯಾರ ಹಕ್ಕನ್ನೂ ಕಸಿಯಲೆಂದಲ್ಲ. ಇದ್ದುದನ್ನು ಇದ್ದಂತೆ ನೆನೆಯಲೆಂದು.

ಭೋಜನ ಸ್ವಾತಂತ್ರ್ಯ ಬಹುಕಾಲ ಬಾಳಲಿಲ್ಲ. ದೇವಗಿರಿಯ ಯಾದವ ಸಿಂಘಣನು ಸುಮಾರು 1212ರಲ್ಲಿ ಅವನನ್ನು ಗೆದ್ದನು. ಪನ್ನಾಳವೆಂಬ ಹುತ್ತದಲ್ಲಿದ್ದ ಭೋಜನೆಂಬ ಸರ್ಪಕ್ಕೆ ಸಿಂಘಣನು ಗರುಡನಾದನೆಂಬ ಅರ್ಥದ ಬಿರುದು ಯಾದವರ ಶಾಸನಗಳಲ್ಲಿ ಬರುತ್ತದೆ. ಗರುಡಧ್ವಜದವನನ್ನೇ ಗರುಡನು ಹಿಡಿದಂತಾಯಿತು! ಯಾದವರ ತರುವಾಯ ಬಹಮನಿಗಳು ಬಂದರು. ಈ ಕಾಡು ಅವರಿಗೆ ಸುಲಭವಾಗಿ ಮಣಿಯಲಿಲ್ಲ. 1453ರಲ್ಲಿ ಮಲಿಕ್-ಉತ್-ತುಜಾರನ ದಂಡು ಖೇಳಣಾ ಕೋಟೆಯತ್ತ ಹೊರಟು, ದಾರಿತೋರುವೆನೆಂದ ಶಿರ್ಕೆಯ ಮಾತು ನಂಬಿ, ದಟ್ಟಡವಿಯಲ್ಲಿ ಸಿಕ್ಕಿ ನಾಶವಾಯಿತು. ಆ ಖೇಳಣೆಯೇ ಮುಂದಿನ ವಿಶಾಳಗಡ. ಬೀದರಿನಲ್ಲಿ ಮದರಸೆಯನ್ನು ಕಟ್ಟಿಸಿದ ಮಹಮೂದ ಗಾವಾನನು ಅದೇ ಶತಮಾನದ ಉತ್ತರಾರ್ಧದಲ್ಲಿ ಕಾಡು ಕಡಿಸಿ, ಮಳೆಗಾಲ ಬಂದಾಗ ಕೊಲ್ಲಾಪುರದಲ್ಲಿ ಹುಲ್ಲುಗುಡಿಸಲುಗಳನ್ನು ಹಾಕಿಸಿ ದಂಡನ್ನಿಳಿಸಿ, ತಾಳ್ಮೆಯಿಂದ ಆ ಕೋಟೆಯನ್ನು ವಶಪಡಿಸಿಕೊಂಡನು. ಬಹಮನಿ ರಾಜ್ಯ ಒಡೆದ ಮೇಲೆ ಪನ್ಹಾಳವು ವಿಜಾಪುರದ ಆದಿಲಶಾಹಿಗೆ ಸೇರಿತು.

ಇಂದು ಗಡವನ್ನೇರಿದವನು ಕಾಣುವ ಕಟ್ಟಡಗಳಲ್ಲಿ ಬಹುಪಾಲು ಈ ಆದಿಲಶಾಹಿಯವು. ಮೂರು ಬಾಗಿಲುಗಳ ‘ತೀನ ದರವಾಜಾ’ದ ಕೆತ್ತನೆಯ ನಡುವೆ ಪಾರಸಿ ಬರೆಹವಿದೆ. ಅದರ ಸಮೀಪದ ‘ಅಂಧಾರ ಬಾವಡಿ’ಯು ಹೊರಗಿನಿಂದ ಮನೆಯಂತೆ ಕಾಣುವ ಮೂರಂತಸ್ತಿನ ಬಾವಿ: ಕೆಳಗೆ ನೀರು, ಮೇಲೆ ಕಾವಲಿನವರಿಗೆ ಎಡೆ, ಪಕ್ಕದಲ್ಲಿ ಗೋಡೆಯಾಚೆ ಜಾರಿಹೋಗಲು ಗುಪ್ತ ದಾರಿ. ಮುತ್ತಿಗೆಯ ಕಾಲದಲ್ಲಿ ನೀರಿಗೆ ವಿಷ ಬೆರೆಸಿದರೆ ಕೋಟೆಯ ಕಥೆ ಮುಗಿಯಿತು. ಆದುದರಿಂದಲೇ ಬಾವಿಗೂ ಕೋಟೆ! ‘ಅಂಬಾರಖಾನೆ’ಯ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳನ್ನು ನಮ್ಮ ರೈತಾಪಿ ಮನೆಯವರು ತಪ್ಪದೆ ನೋಡಬೇಕು. ಹೊರಗಿನ ಮೆಟ್ಟಿಲುಗಳಿಂದ ಮಾಳಿಗೆಯನ್ನೇರಿ, ಕಮಾನಿನ ನೆತ್ತಿಯಲ್ಲಿ ಬಿಟ್ಟ ಕಿಂಡಿಗಳಿಂದ ಕಾಳನ್ನು ಒಳಗೆ ಸುರಿಯುತ್ತಿದ್ದರು. ಅವುಗಳಲ್ಲಿ ದೊಡ್ಡದಾದ ಗಂಗಾ ಕಣಜವು 25,000 ಖಂಡುಗ ಹಿಡಿಯುತ್ತಿತ್ತೆಂದು ಹೇಳಿಕೆ. ಕೋಟೆಯನ್ನು ಕಾದದ್ದು ಕತ್ತಿಯೊಂದೇ ಅಲ್ಲ, ಕಾಳೂ ಕಾದಿತು.

ಈ ಕಣಜಗಳ ಬೆಲೆ ತಿಳಿದದ್ದು 1660ರಲ್ಲಿ. ಅಫಜಲಖಾನನ ವಧೆಯಾದ ಕೆಲವೇ ದಿನಗಳಲ್ಲಿ, 1659ರ ನವೆಂಬರದಲ್ಲಿ, ಶಿವಾಜಿ ಮಹಾರಾಜರು ಪನ್ಹಾಳವನ್ನು ಹಿಡಿದರು. ಮರುವರ್ಷ ಮಾರ್ಚಿನಲ್ಲಿ ವಿಜಾಪುರದಿಂದ ನಿಯುಕ್ತನಾದ ಕರ್ನೂಲಿನ ಸರದಾರ ಸಿದ್ದಿ ಜೌಹರನು ಗಡವನ್ನು ಸುತ್ತುಗಟ್ಟಿದನು. ರಾಜಾಪುರದ ಕೋಠಿಯ ಆಂಗ್ಲ ವರ್ತಕರೂ ತೋಪು ತಂದು, ತಮ್ಮ ಬಾವುಟವನ್ನೆತ್ತಿ ಗುಂಡು ಹಾರಿಸಿದರು. ಮರುವರ್ಷ ಅವರ ಕೋಠಿ ಲೂಟಿಯಾದುದಕ್ಕೆ ಇದೇ ಕಾರಣ. ನಾಲ್ಕು ತಿಂಗಳಾದರೂ ಮುತ್ತಿಗೆ ಸಡಿಲಲಿಲ್ಲ. ಜುಲೈ 12ರ ರಾತ್ರಿ, ಆಷಾಢ ಹುಣ್ಣಿಮೆ, ಮೋಡ ಮುಸುಕಿ ಮಳೆ ಸುರಿಯುತ್ತಿರುವಾಗ, ಮಹಾರಾಜರು ಸುಮಾರು 600 ಮಂದಿಯೊಡನೆ ‘ರಾಜದಿಂಡಿ’ಯ ಕಡೆಯಿಂದ ಇಳಿದು ವಿಶಾಳಗಡದತ್ತ ಹೊರಟರು. ಅವರನ್ನೇ ಹೋಲುತ್ತಿದ್ದ ಶಿವಾ ಕಾಶೀದನೆಂಬ ಕ್ಷೌರಿಕನು ಇನ್ನೊಂದು ಪಾಲಕಿಯಲ್ಲಿ ಕುಳಿತು, ಬೇಕೆಂದೇ ಶತ್ರುವಿನ ಕೈಗೆ ಸಿಕ್ಕು, ಗುಟ್ಟು ಬಯಲಾದಾಗ ಪ್ರಾಣ ತೆತ್ತನು. ಬೆನ್ನಟ್ಟಿದ ದಂಡನ್ನು ಘೋಡಖಿಂಡಿಯೆಂಬ ಇಕ್ಕಟ್ಟಿನ ಕಣಿವೆಯಲ್ಲಿ ಬಾಜೀಪ್ರಭು ದೇಶಪಾಂಡೆಯೂ ಬಾಂದಲರ ಮಾವಳಿಗರೂ ತಡೆದು ನಿಂತರು. ವಿಶಾಳಗಡದಿಂದ ತೋಪಿನ ಸದ್ದು ಕೇಳುವವರೆಗೆ ಬಾಜೀಪ್ರಭು ಉಸಿರು ಹಿಡಿದಿದ್ದನೆಂದು ಜನ ಇಂದಿಗೂ ಕಂಬನಿದುಂಬಿ ಹೇಳುತ್ತಾರೆ. ಆ ಕಣಿವೆ ಅಂದಿನಿಂದ ‘ಪಾವನಖಿಂಡ’ವಾಯಿತು.

ಈ ಕಥೆಯಲ್ಲಿ ಯಾರು ಯಾರ ಕಡೆಗಿದ್ದರೆಂಬುದನ್ನು ಗಮನಿಸಬೇಕು. ಮಹಾರಾಜರು ವಿಶಾಳಗಡವನ್ನು ತಲುಪಿದಾಗ ಅದಕ್ಕೂ ಮುತ್ತಿಗೆ ಬಿದ್ದಿತ್ತು. ಮುತ್ತಿಗೆ ಹಾಕಿದವರು ವಿಜಾಪುರದ ಪಕ್ಷದ ಮರಾಠಾ ಸರದಾರರಾದ ಸುರ್ವೆ, ದಳವಿಗಳು. ಬೆನ್ನಟ್ಟಿ ಬಂದ ಸಿದ್ದಿ ಮಸೂದನು ಜೌಹರನ ಅಳಿಯ, ಹಬಸಿ ಮೂಲದವನು. ಮುಂದೆ ಇವನೇ ವಿಜಾಪುರದ ಆಡಳಿತ ನಡೆಸಿ, ಕೊನೆಗೆ ಆದವಾನಿಯ ಬೆಟ್ಟದ ಕೋಟೆಗೆ ಸರಿದು, 1688ರಲ್ಲಿ ಅದನ್ನು ಮೊಗಲರಿಗೆ ಒಪ್ಪಿಸಿದನು. ಆದವಾನಿಯ ನಮ್ಮ ಕನ್ನಡ ಬಂಧುಗಳು ದಿನವೂ ನೋಡುವ ಬೆಟ್ಟಕ್ಕೂ ಪಾವನಖಿಂಡಕ್ಕೂ ಹೀಗೊಂದು ನಂಟು. ಅಂದಿನ ಕಾಳಗಗಳು ರಾಜ್ಯಕ್ಕಾಗಿ, ನಿಷ್ಠೆಗಾಗಿ, ವತನಕ್ಕಾಗಿ ನಡೆದವು, ಭಾಷೆಗಾಗಿ ಅಲ್ಲ. ನಮ್ಮ ಇಂದಿನ ಗಡಿಗೆರೆಯನ್ನು ಹಿಂದಕ್ಕೆಳೆದು ಆ ಕಲ್ಲುಗಳ ಮೇಲೆ ಬರೆದರೆ ಇತಿಹಾಸಕ್ಕೆ ಅಪಚಾರವಾದೀತು.

ಈಗ ನಡಿಗೆಯ ಮಾತು. ಪನ್ಹಾಳದಿಂದ ಪಾವನಖಿಂಡದವರೆಗೆ ಸುಮಾರು 50 ಕಿಲೋಮೀಟರ್. ಮಹಾರಾಜರ ತಂಡ ಒಂದು ರಾತ್ರಿ ಒಂದು ಹಗಲಿನಲ್ಲಿ ಕಳೆದ ಈ ದಾರಿಗೆ ಇಂದಿನವರು ಸಾಮಾನ್ಯವಾಗಿ ಎರಡು ದಿನ ತೆಗೆದುಕೊಳ್ಳುತ್ತಾರೆ. ಗಡ ಇಳಿದೊಡನೆ ಮಸಾಯಿ ಪಠಾರ ಎದುರಾಗುತ್ತದೆ. ಜಂಬಿಟ್ಟಿಗೆ ಕಲ್ಲಿನ ಆ ವಿಶಾಲ ಬಯಲಿನಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದಿನವನು ಕಾಣಿಸನು. ಆಮೇಲೆ ಭತ್ತದ ಗದ್ದೆಗಳು, ವಾಡಿಗಳು, ತೊರೆಗಳು, ಕಾಡು. ನಾಟಿ ಮಾಡುತ್ತಿರುವ ಹೆಂಗಸರು ತಲೆಯೆತ್ತಿ ನೋಡಿ ನಗುತ್ತಾರೆ. ಮಂಡಿಯುದ್ದ ಕೆಸರಿನಲ್ಲಿ ಕಾಲು ಹೂತಾಗ ಕೈ ಹಿಡಿದೆಳೆಯುವವನ ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಅಲ್ಲಿಯ ಮಾತುಗಳೂ ನಮ್ಮ ಕಿವಿಗೆ ಹೊಸವಲ್ಲ: ನಮ್ಮ ಕೋಟೆಗಳಲ್ಲಿ ದಿಡ್ಡಿಬಾಗಿಲು, ಅಲ್ಲಿ ದಿಂಡಿ, ನಮ್ಮಲ್ಲಿ ಕಿಂಡಿ, ಅಲ್ಲಿ ಖಿಂಡ. ಹೋಗುವವರು ಮಳೆಗಾಲದ ಪಾಚಿಬಂಡೆಯನ್ನು ನಂಬಬಾರದು. ತೊರೆ ಉಕ್ಕಿದಾಗ ಇಳಿಯುವವರೆಗೆ ಕಾಯಬೇಕು. ಕತ್ತಲಾಗುವ ಮೊದಲು ವಾಡಿಯೊಂದನ್ನು ಸೇರಬೇಕು. ಅವಸರದ ಶೌರ್ಯ ಶೌರ್ಯವಲ್ಲ. ತಾಳ್ಮೆಯೇ ಈ ಬೆಟ್ಟಗಳು ಕಲಿಸುವ ಮೊದಲ ಪಾಠ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1660ರ ಒಪ್ಪಂದದಂತೆ ವಿಜಾಪುರಕ್ಕೆ ಮರಳಿದ ಪನ್ಹಾಳವನ್ನು 1673ರಲ್ಲಿ ಕೊಂಡಾಜಿ ಫರ್ಜಂದನು ಬೆರಳೆಣಿಕೆಯ ಸಂಗಾತಿಗಳೊಡನೆ ರಾತ್ರಿಯಲ್ಲಿ ಹತ್ತಿ ಗೆದ್ದನು. ಮುಂದೆ ರಾಣಿ ತಾರಾಬಾಯಿ ಇಲ್ಲಿಂದ ರಾಜ್ಯವಾಳಿದಳು. 1729ರಲ್ಲಿ ಮರಾಠಿಯ ಮಹಾಕವಿ ಮೋರೋಪಂತನು ಇಲ್ಲಿಯೇ ಹುಟ್ಟಿದನು. 1844ರಲ್ಲಿ ಕೋಟೆ ಕಾಯುವ ಗಡಕರಿಗಳು ಬ್ರಿಟಿಷರ ವಿರುದ್ಧ ಎದ್ದಾಗ ಆಂಗ್ಲರು ಗಡವನ್ನು ಗೆದ್ದು, ‘ಚಾರ ದರವಾಜಾ’ವನ್ನು ಕೆಡವಿಹಾಕಿದರು. 2025ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆಯು ಮರಾಠರ 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪನ್ಹಾಳವೂ ಅವುಗಳಲ್ಲಿ ಒಂದು. ತಮಿಳುನಾಡಿನ ಜಿಂಜಿಯೂ ಒಂದು. ಕೋಟೆಗಳ ಸಾಲು ಭಾಷೆಯ ಗಡಿಯನ್ನು ದಾಟಿ ನಡೆದಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪಟ್ಟಿಗೆ ಸೇರಿದರೆ ಕಲ್ಲು ತಾನಾಗಿ ಉಳಿಯದು. ಬಾಗಿಲಿನ ಮೇಲೆ ಹೆಸರು ಕೆತ್ತುವ ಒಂದು ಮೊಳೆ ಎಂಟುನೂರು ವರ್ಷದ ಸಾಕ್ಷಿಯನ್ನು ಅಳಿಸಬಲ್ಲದು. ಶಿಲಾಹಾರರ ಕಾಲದ ಕನ್ನಡ ಕಲ್ಲುಗಳು ಈ ನಾಡಿನ ಗುಡಿಗಳಲ್ಲಿ, ಬಸದಿಗಳಲ್ಲಿ ಚದುರಿ ನಿಂತಿವೆ. ಅವನ್ನು ಓದಬಲ್ಲ ಕಣ್ಣು ಯಾರಿಗಿದೆ? ಮರಾಠಿಯ ನೆರೆಯಲ್ಲಿ ಬಾಳುತ್ತ, ಮನೆಯಲ್ಲಿ ಕನ್ನಡವಾಡುತ್ತ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳಿಗೆ. ಗಡದ ಮೇಲಿನ ಪೋವಾಡವನ್ನೂ ತಿಳಿದು, ಗುಡಿಯ ಕಲ್ಲಿನ ಕನ್ನಡವನ್ನೂ ಹಿಡಿಯಬಲ್ಲವರು ಅವರೇ. ಎರಡು ನುಡಿಗಳ ನಡುವೆ ಬದುಕುವುದನ್ನು ನಾವು ಎಷ್ಟೋ ಸಲ ಕೊರತೆಯೆಂದು ಎಣಿಸಿ ನೊಂದಿದ್ದೇವೆ. ಈ ಬೆಟ್ಟಗಳ ಮೇಲೆ ಅದು ಕೊರತೆಯಲ್ಲ, ಬೀಗದ ಕೈ. ಆದರೆ ನಮ್ಮ ಶಾಲೆಗಳಲ್ಲಿ ಕನ್ನಡದ ಅಕ್ಷರ ನಿಂತುಹೋದರೆ ಆ ಬೀಗದ ಕೈ ಕಳೆದುಹೋಗುವುದು. ಆಗ ಕಲ್ಲು ಉಳಿದರೂ ಮೂಕವಾಗುವುದು.

ಆದುದರಿಂದ ಮನೆಯ ಹಿರಿಯರಲ್ಲಿ ಒಂದು ವಿನಂತಿ: ಮುಂದಿನ ಆಷಾಢದಲ್ಲಿ ಮಗನೋ ಮಗಳೋ ಪನ್ಹಾಳಕ್ಕೆ ಹೊರಟರೆ, “ಅಲ್ಲಿ ನಿನಗೇನು ಕೆಲಸ?” ಎಂದು ಕೇಳಬೇಡಿ. ಬುತ್ತಿ ಕಟ್ಟಿಕೊಡಿ. ಬಾಜೀಪ್ರಭುವಿನ ಸಮಾಧಿಗೆ ಕೈಮುಗಿದು ಬಾ ಎನ್ನಿ. ಬರುವಾಗ ಖಿದ್ರಾಪುರಕ್ಕೂ ಹೋಗಿ ಆ ಕಲ್ಲಿನ ಒಂದು ಸಾಲನ್ನಾದರೂ ಓದಿ ಬಾ ಎನ್ನಿ. ದಾರಿಯಲ್ಲಿ ಯಾರಾದರೂ “ನಿಮಗೂ ಇದರಲ್ಲಿ ಆಸ್ಥೆಯೇ?” ಎಂದು ಕೇಳಿದರೆ, ಸಿಟ್ಟಾಗದೆ, ಭೋಜರಾಜನಿಂದ ಆರಂಭಿಸಿ ಕಥೆಯನ್ನು ಪೂರ್ತಿಯಾಗಿ ಹೇಳಲಿ. 50 ಕಿಲೋಮೀಟರಿನ ದಾರಿ; ಹೇಳಲು ಹೊತ್ತು ಬೇಕಾದಷ್ಟಿದೆ.