ಉಸಿರಿನ ನಳಿಗೆ

ಗಂಟಲಮಾರಿಯ ಹೆಸರನ್ನು ನಿಮ್ಮ ಮನೆಯ ಹಿರಿಯರು ಕೇಳಿಯೇ ಇರುತ್ತಾರೆ. ಕೂಸಿನ ಗಂಟಲಲ್ಲಿ ಬೂದುಬಣ್ಣದ ಪೊರೆ ಬೆಳೆದು ಉಸಿರಿನ ಹಾದಿಯೇ ಮುಚ್ಚಿಹೋಗುವ ಆ ಬೇನೆಗೆ ನಮ್ಮ ಜನ ಮಾರಿಯ ಹೆಸರಿಟ್ಟದ್ದು ಸುಮ್ಮನಲ್ಲ. ಲಸಿಕೆ ಬಂದ ಮೇಲೆ ಅದು ವಿರಳವಾಯಿತು, ಪೂರಾ ಹೋಗಿಲ್ಲ.

ಉಸಿರುನಾಳಕ್ಕೆ ನಳಿಗೆ ಇಳಿಸುವ ವಿದ್ಯೆ ಹದಗೊಂಡದ್ದು ಈ ಮಾರಿಯೊಡನೆ ಸೆಣಸುವಾಗಲೇ. 1878ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಮೆಕ್ಯೂವನ್, ಶಸ್ತ್ರಕ್ರಿಯೆಗೆಂದು ರೋಗಿಯ ಬಾಯಿಯ ಮೂಲಕ ನಳಿಗೆ ಇಳಿಸಿದ್ದನು. 1885ರ ಹೊತ್ತಿಗೆ ನ್ಯೂಯಾರ್ಕಿನ ಓಡ್ವಾಯರ್ ಗಂಟಲಮಾರಿಯ ಮಕ್ಕಳಿಗಾಗಿ ಲೋಹದ ಪುಟ್ಟ ನಳಿಗೆಗಳನ್ನು ಮಾಡಿಸಿದನು. ಕತ್ತು ಕೊಯ್ಯದೆಯೇ ಉಸಿರಿಗೆ ದಾರಿಯಾಯಿತು.

ದಾರಿ ತೆರೆದರೆ ಸಾಕೆ? ಎದೆಯ ಸ್ನಾಯುಗಳೇ ಸೋತಾಗ ಗಾಳಿಯನ್ನು ಒಳಕ್ಕೆ ನೂಕುವವರಾರು? 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಪಿಡುಗು ಬಂದಿತು. ಉಸಿರಾಟದ ಯಂತ್ರಗಳೋ ಬೆರಳೆಣಿಕೆಯಷ್ಟು. ಆಗ ಇಬ್ಸೆನ್ ಎಂಬ ಅರಿವಳಿಕೆ ವೈದ್ಯನು 12 ವರುಷದ ಹುಡುಗಿಯೊಬ್ಬಳ ಕತ್ತಿನಲ್ಲಿ ಇರಿಸಿದ್ದ ನಳಿಗೆಗೆ ರಬ್ಬರಿನ ಚೀಲ ಜೋಡಿಸಿ, ಕೈಯಿಂದ ಹಿಸುಕಿ ಉಸಿರು ತುಂಬಿದನು. ಹುಡುಗಿ ಬದುಕಿದಳು. ಅನಂತರ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಹಿಸುಕಿದರು. ಬೆರಳು ನೋಯುವಂತೆ ದುಡಿದ ಆ ಹುಡುಗರ ಹೆಸರು ಯಾವ ಶಿಲೆಯ ಮೇಲೂ ಇರಲಿಕ್ಕಿಲ್ಲ. ಇಂದಿನ ತೀವ್ರನಿಗಾ ಘಟಕದ ಮೂಲ ಅಲ್ಲಿದೆ. 1956ರಲ್ಲಿ ಅದೇ ದೇಶದ ರೂಬೆನ್ ಮತ್ತು ಹೆಸ್ಸೆ, ಹಿಸುಕಿ ಬಿಟ್ಟರೆ ತಾನೇ ಗಾಳಿ ತುಂಬಿಕೊಳ್ಳುವ ಚೀಲವನ್ನು ತಂದರು. ನಮ್ಮ ದವಾಖಾನೆಗಳಲ್ಲಿ ಅಂಬು ಬ್ಯಾಗ್ ಎನ್ನುವುದು ಇದನ್ನೇ.

ಮರುವರುಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಆಗ ಧಾರವಾಡ ಜಿಲ್ಲೆಯವು. 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾದರೂ ಜೀವಕ್ಕೆ ಬಂದಾಗ ಹುಬ್ಬಳ್ಳಿಯ ದಾರಿ ತಪ್ಪಲಿಲ್ಲ. ಶಿಗ್ಗಾವಿ ಹೆದ್ದಾರಿಯ ಮೇಲಿದೆ. ಹಿರೇಕೆರೂರಿನವರಿಗೆ ಅದು 100 ಕಿಲೋಮೀಟರಿಗೂ ಮಿಕ್ಕ ಹಾದಿ.

ಬೆಳೆಗೆ ಹೊಡೆಯುವ ರಂಜಕಯುಕ್ತ ಕೀಟನಾಶಕ ಹೊಟ್ಟೆಗೆ ಹೋದವರನ್ನು ನೆನೆಯಿರಿ. ಬಾಯಲ್ಲಿ ನೊರೆ, ಎದೆಯಲ್ಲಿ ಕಫ, ಕಣ್ಣಪಾಪೆ ಸೂಜಿಮೊನೆಯಷ್ಟು. ಅಟ್ರೋಪಿನ್ ಚುಚ್ಚುಮದ್ದು ಆ ಸ್ರಾವವನ್ನು ಒಣಗಿಸುತ್ತದೆ. ಸೋತ ಸ್ನಾಯುವಿಗೆ ಅದು ಬಲ ಕೊಡಲಾರದು. ಅದಕ್ಕೆ ನಳಿಗೆಯೇ ಬೇಕು. ಇಂಥವನಿಗೆ ನಳಿಗೆ ಇಳಿಸುವುದು ಶಸ್ತ್ರಕ್ರಿಯೆಯ ಮೇಜಿನ ಮೇಲಿನಷ್ಟು ಸುಲಭವಲ್ಲ: ರಕ್ತದಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಹೊಟ್ಟೆ ಬರಿದಾಗಿರುವುದಿಲ್ಲ, ರಕ್ತದೊತ್ತಡ ಯಾವ ಗಳಿಗೆಯಲ್ಲಾದರೂ ಕುಸಿದೀತು. ಆದುದರಿಂದ ಮೊದಲು ಆಮ್ಲಜನಕ, ಆಮೇಲೆ ನಳಿಗೆ. ಇಳಿದದ್ದು ಅನ್ನನಾಳಕ್ಕಲ್ಲ, ಉಸಿರುನಾಳಕ್ಕೇ ಎಂಬುದನ್ನು ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆದು ಖಚಿತಪಡಿಸಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಚೀಲ ಹಿಸುಕುವ ಕೈಯೊಂದು ಬೇಕೇಬೇಕು.

ಇನ್ನೊಂದು ಮಾತು. ಮೊದಲ ದಿನ ಚೇತರಿಸಿಕೊಂಡು ಮಾತನಾಡಿದ ರೋಗಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕತ್ತು ಎತ್ತಲಾಗದಂತಾಗಿ ಉಸಿರು ಸೋಲುವುದುಂಟು. ಸಿಂಹಳದ ಸೇನನಾಯಕೆ ಮತ್ತು ಕರಳ್ಳಿಯದ್ದೆ ಇದನ್ನು 1987ರಲ್ಲಿ ವಿವರಿಸಿದರು. ‘ಎದ್ದು ಕುಂತಾನಲ್ರೀ, ಊರಿಗೆ ಕರಕೊಂಡು ಹೋಗ್ತೀವಿ’ ಎಂದು ಬಂಧುಗಳು ಅವಸರಪಡುವುದು ಸರಿಯಾಗಿ ಆ ದಿನಗಳಲ್ಲೇ.