ಕುಸಿತದ ನಕ್ಷೆಯಲ್ಲಿ ಕಾಣದ ಕುಮ್ಕಿ

ದಕ್ಷಿಣ ಕನ್ನಡದಲ್ಲಿ ಭೂಕುಸಿತವೆಂದರೆ ಘಟ್ಟದ ಕಥೆ ಎಂದು ಓದುವುದು ಈಗ ರೂಢಿಯಾಗಿಬಿಟ್ಟಿದೆ. 2018ರಲ್ಲಿ ಜೋಡುಪಾಲ, 2019ರಲ್ಲಿ ಚಾರ್ಮಾಡಿ ಕುಸಿದ ಮೇಲೆ ಅಧ್ಯಯನಗಳ ಕಣ್ಣು ಅತ್ತಲೇ ನೆಟ್ಟಿದೆ. ಆದರೆ 2020ರ ಜುಲೈಯಲ್ಲಿ ಇಬ್ಬರು ಮಕ್ಕಳು ಮಣ್ಣಿನಡಿ ಸಿಲುಕಿ ಸತ್ತದ್ದು ಗುರುಪುರದಲ್ಲಿ. 2022ರ ಜುಲೈಯಲ್ಲಿ ಕೇರಳದಿಂದ ರಬ್ಬರ್ ಟ್ಯಾಪಿಂಗಿಗೆ ಬಂದಿದ್ದ ಮೂವರು ತೀರಿಕೊಂಡದ್ದು ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ. ಎರಡೂ ಘಟ್ಟದಿಂದ ದೂರ, ಮುರಕಲ್ಲಿನ ಪದವು-ಗುಡ್ಡಗಳ ಸೀಮೆ. ನೇತ್ರಾವತಿಗೂ ಫಲ್ಗುಣಿಗೂ ನಡುವಿನ ವಾಮದಪದವು ಇಂಥದೇ ನೆಲ. ಈ ಸೀಮೆಯ ಅಪಾಯ ಅರಿಯಲು ಮಳೆ, ಇಳಿಜಾರಿನ ಲೆಕ್ಕವಷ್ಟೇ ಸಾಲದು. ಗುಡ್ಡದ ಬದಿ ಯಾರ ಕೈಗೆ, ಯಾವ ಹಕ್ಕಿನಲ್ಲಿ ಬಂತು ಎಂಬುದನ್ನೂ ಕೇಳಬೇಕು.

ಆ ಪ್ರಶ್ನೆ ಒಂದು ಕಾಲಕ್ಕೆ ಭೂವಿಜ್ಞಾನಕ್ಕೆ ಹೊರಗಿನದಾಗಿರಲಿಲ್ಲ. 1800-01ರಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೆನರಾದ ಗೇಣಿ ಪದ್ಧತಿಯನ್ನೂ ದಾಖಲಿಸಿದ, ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನೂ ಕೊಟ್ಟ. ಆಮೇಲೆ ದಾರಿ ಕವಲೊಡೆಯಿತು. ಕಲೆಕ್ಟರ್ ಮನ್ರೋನ ಕಂದಾಯ ವರದಿಗಳಿಂದ ಸ್ಟರಕ್‌ನ 1894ರ ಜಿಲ್ಲಾ ಕೈಪಿಡಿಯವರೆಗೆ ವರ್ಗ, ಮೂಲಗೇಣಿ, ಚಾಲಗೇಣಿ ಎಂಬ ಭೂಹಿಡುವಳಿಯ ಬಗೆಗಳ ಚರ್ಚೆ ಬೆಳೆಯಿತು, ಎನ್. ಶ್ಯಾಮ ಭಟ್ಟರಂಥ ಇತಿಹಾಸಕಾರರು ಅದನ್ನು ಹೊಸದಾಗಿ ಓದಿದರು. 1974ರ ಭೂಸುಧಾರಣೆಯ ಮೇಲಂತೂ ಬರಹಕ್ಕೆ ಕೊರತೆಯಿಲ್ಲ. ಆದರೆ ಅದೆಲ್ಲ ಬಹುಪಾಲು ಬೈಲು, ಮಜಲಿನ ಗದ್ದೆಯ ಕಥೆ. ವರ್ಗ ಜಮೀನಿಗೆ ತಾಗಿ ನೂರು ಗಜದವರೆಗೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಸರ್ಕಾರಿ ಭೂಮಿಯಾದ ಕುಮ್ಕಿ ಕಾನೂನಿನ ಜಗಳವಾಗಿ ಮಾತ್ರ ಉಳಿಯಿತು. ಅಡಿಕೆ, ರಬ್ಬರು, ಆಮೇಲೆ ಮನೆ ಸೈಟು ಮೇಲಕ್ಕೆ ಹತ್ತಿದ್ದು ಆ ಕುಮ್ಕಿಯ ಇಳಿಜಾರಿನಲ್ಲೇ. ನಗರ ಯೋಜನೆಯ ಅಧ್ಯಯನವೋ ಮಂಗಳೂರಿನ ಗಡಿಯಲ್ಲೇ ನಿಂತಿತು, ಬಿ.ಸಿ. ರೋಡು, ಮೂಡುಬಿದಿರೆ ಬೆಳೆದದ್ದನ್ನು ಅದು ತಡವಾಗಿ ಕಂಡಿತು.

ನಮ್ಮ ತಲೆಮಾರಿನ ನಿಜವಾದ ಸಂಪಾದನೆ ಎರಡು. ಒಂದು, ಶೇಡಿಮಣ್ಣಿನ ಅರಿವು. ಸುರತ್ಕಲ್ಲಿನ ಕೆಆರ್‌ಇಸಿ, ಈಗಿನ ಎನ್‌ಐಟಿಕೆಯ ಮಣ್ಣಿನ ಪ್ರಯೋಗಾಲಯಗಳು ಈ ಕೆಲಸಕ್ಕೆ ಕೊಟ್ಟ ಶ್ರಮಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಗಟ್ಟಿ ಮುರಕಲ್ಲಿನ ಅಡಿಯಲ್ಲಿ ಬಿಳಿ, ನಸುಗೆಂಪು ಶೇಡಿಯ ಪದರ ಇರುತ್ತದೆ. ಒಣಗಿದಾಗ ಗೋಡೆಯ ಹಾಗೆ ನಿಲ್ಲುವ ಅದು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಜೆಸಿಬಿ ಪದವಿನ ಅಂಚನ್ನು ನೇರ ಕಡಿದಾಗ ಮುಚ್ಚಿದ್ದ ಶೇಡಿ ಮಳೆಗೆ ತೆರೆದುಕೊಳ್ಳುತ್ತದೆ. ಎರಡನೆಯದು, ಉಪಗ್ರಹ ಚಿತ್ರ ಮತ್ತು ಗಣಕದ ಮಾದರಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಭೂಕುಸಿತ ನಕ್ಷೆಯ ಕೆಲಸ ದೊಡ್ಡದು, ಬೇಕಾದದ್ದೇ. ಆದರೆ ಅದರ ಅಳತೆ 1:50,000. ಕುಮ್ಕಿಯ ನೂರು ಗಜ, ಅಂದರೆ ಸುಮಾರು 91 ಮೀಟರು, ಆ ನಕ್ಷೆಯಲ್ಲಿ ಎರಡು ಮಿಲಿಮೀಟರೂ ಆಗುವುದಿಲ್ಲ. ಮನೆಯ ಹಿಂದಿನ ಕಡಿತ ಅದರಲ್ಲಿ ಕಾಣುವ ಮಾತೇ ಇಲ್ಲ. ಮಾದರಿಗೆ ಕಲಿಸಲು ಬಳಸುವ ಕುಸಿತಗಳ ಪಟ್ಟಿಯಲ್ಲೂ ಹೆದ್ದಾರಿ ಬಂದ್ ಮಾಡಿದವು ಸುಲಭವಾಗಿ ಸೇರುತ್ತವೆ; ಹಿತ್ತಿಲಿಗೆ ಬಿದ್ದ ಗುಡ್ಡ ತಾಲೂಕು ಕಚೇರಿಯ ಪರಿಹಾರದ ಕಡತದಲ್ಲಿ ಮನೆ ಹಾನಿಯಾಗಿ ಉಳಿಯುತ್ತದೆ. ಇಂಥ ಪಟ್ಟಿಯ ಮೇಲೆ ಎಷ್ಟೇ ಹೊಸ ಅಲ್ಗಾರಿದಮ್ ಓಡಿಸಿದರೂ ಉತ್ತರ ಮತ್ತೆ ಘಟ್ಟವೇ.

ಹಕ್ಕುಪತ್ರ ಗುಡ್ಡವನ್ನು ಬೀಳಿಸುವುದಿಲ್ಲ, ಚಾರ್ಮಾಡಿಯಲ್ಲಿ ಯಾರೂ ಕಡಿಯದ ಕಾಡೂ ಜಾರಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಕಾಡಿನ ಕುಸಿತಕ್ಕೆ ಮಳೆ, ಕಲ್ಲು, ಇಳಿಜಾರಿನ ವಿವರಣೆ ಬಹುಮಟ್ಟಿಗೆ ಸಾಕು. ಪದವಿನ ಅಂಚಿನಲ್ಲಿ ಮಾತ್ರ ಎಲ್ಲಿ ಕಡಿಯಬಹುದು, ಯಾರಿಗೆ ಸಮತಟ್ಟು ಜಾಗ ಸಿಗದೆ ಗುಡ್ಡದ ಬುಡವೇ ಗತಿಯಾಯಿತು ಎಂಬುದನ್ನು ನಿರ್ಧರಿಸುವುದು ಭೂಮಿಯ ಹಕ್ಕು. ಹೀಗೆ ಹೇಳಿದರೆ ಒತ್ತುವರಿ ಮಾಡಿದ ಬಡವರ ಮೇಲೆ ತಪ್ಪು ಹೊರಿಸಿದಂತಾಗದೇ ಎಂದು ಕೇಳುವವರಿದ್ದಾರೆ. ಅಂಥ ಜಾಗವನ್ನೇ ಸಕ್ರಮ ಮಾಡಿ ಕೊಡುವ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಭಯಕ್ಕೆ ಎಡೆಯಿಲ್ಲ. ದಾಖಲೆ ಸಿಗದು ಎಂಬ ನೆಪವಂತೂ ನಿಲ್ಲುವುದಿಲ್ಲ: ಮದ್ರಾಸ್ ಕಾಲದ ಸರ್ವೆಯ ಎಫ್‌ಎಂಬಿ (ಜಮೀನಿನ ಅಳತೆ ಪುಸ್ತಕ) ನಕ್ಷೆಗಳು ಈ ಜಿಲ್ಲೆಗಿವೆ, ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಇವನ್ನೂ ಪರಿಹಾರದ ಕಡತಗಳನ್ನೂ ಶೇಡಿಯ ಪದರವನ್ನೂ ಒಂದೇ ನಕ್ಷೆಯ ಮೇಲೆ ಕೂರಿಸುವ ಕೆಲಸವನ್ನು ಪಂಜಿಕಲ್ಲು, ವಾಮದಪದವಿನಂಥ ಒಂದೆರಡು ಊರುಗಳಿಂದಲೇ ಶುರುಮಾಡಬಹುದು. ಅದಕ್ಕೆ ಬೇಕಾದದ್ದು ಹೊಸ ಉಪಗ್ರಹವಲ್ಲ, ಕಂದಾಯದ ಕಡತ ಓದಬಲ್ಲ ಭೂವಿಜ್ಞಾನಿಗಳು.