ವಿಷಯಬೋಧನೆ ಮತ್ತು ಅನ್ಯಭಾಷೆ: ಕೋಲಾರ ಸೀಮೆಯ ಶಿಕ್ಷಕರ ತರಬೇತನ್ನು ಕುರಿತು

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಸುತ್ತಿನಿಂದ ಮೂಡಲಿಗೆ, ಶ್ರೀನಿವಾಸಪುರ ಮುಳಬಾಗಿಲುಗಳ ಕಡೆಗೆ ಹೊರಟರೆ, ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಮಕ್ಕಳನ್ನು ಹೇರಳವಾಗಿ ಕಾಣುತ್ತೇವೆ. ಇಂತಹ ಮಗುವಿಗೆ ಲೆಕ್ಕವನ್ನು ಹೇಳಿಕೊಡುವ ಉಪಾಧ್ಯಾಯರು, ಅರಿತೋ ಅರಿಯದೆಯೋ, ಅದರೊಡನೆ ಒಂದು ಭಾಷೆಯನ್ನೂ ಹೇಳಿಕೊಡುತ್ತಿರುತ್ತಾರೆ. ವಿಷಯವನ್ನೂ ಅನ್ಯಭಾಷೆಯನ್ನೂ ಜೊತೆಗೂಡಿಸಿ ಬೋಧಿಸುವ ಕ್ರಮಕ್ಕೆ ಯೂರೋಪಿನಲ್ಲಿ ಪ್ರತ್ಯೇಕವಾದ ಹೆಸರು ದೊರೆತುದು 1990ರ ದಶಕದಲ್ಲಿ. ನಮ್ಮಲ್ಲಿ ಆ ಕಾರ್ಯವು ಹೆಸರಿಲ್ಲದೆಯೇ ನಡೆದುಬಂದಿದೆ. ಅದಕ್ಕೆ ತಕ್ಕ ತರಬೇತು ಮಾತ್ರ ನಡೆದುಬಂದಿಲ್ಲವೆಂಬುದೇ ನಮ್ಮ ಪ್ರಕೃತ ವಿಚಾರ.

ಮೈಸೂರು ಸೀಮೆಯಲ್ಲಿ ಲೂಯಿಸ್ ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಹುಟ್ಟಿಕೊಂಡವು. ಅಲ್ಲಿ ಪಾಠವು ದೇಶಭಾಷೆಯಲ್ಲಿ. ಉಪಾಧ್ಯಾಯರನ್ನು ಸಿದ್ಧಪಡಿಸಲು ನಾರ್ಮಲ್ ಶಾಲೆಗಳು. ಮೇಲಿನ ತರಗತಿಗಳಲ್ಲಿ ಗಣಿತ ಚರಿತ್ರೆಗಳೂ ಇಂಗ್ಲಿಷಿನಲ್ಲಿದ್ದವು. ಮುಂದೆ ಕನ್ನಡವು ಆ ಸ್ಥಾನಕ್ಕೆ ಬರಲು, ಇಂಗ್ಲಿಷು ಒಂದು ಪಠ್ಯವಿಷಯವಾಗಿ ಉಳಿಯಿತು. ತರಬೇತು ಸಂಸ್ಥೆಗಳೂ ಗಣಿತಬೋಧನೆಯನ್ನು ಒಂದು ಕಡೆಗೂ ಭಾಷಾಬೋಧನೆಯನ್ನು ಇನ್ನೊಂದು ಕಡೆಗೂ ಇಟ್ಟವು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಮನೆಮಾತು ತಮಿಳಾಗಿದ್ದೂ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕನ್ನಡದ ದೊಡ್ಡ ಲೇಖಕರಾಗಲಿಲ್ಲವೆ ಎಂದು ಕೇಳುವವರುಂಟು. ಪ್ರತಿಭಾವಂತರ ದೃಷ್ಟಾಂತದಿಂದ ಶಾಲೆಗೆ ನಿಯಮವನ್ನು ಮಾಡಲಾಗದು.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾಂತೀಯ ಇಂಗ್ಲಿಷ್ ಸಂಸ್ಥೆಯು ಸ್ಥಾಪಿತವಾದಾಗಲೂ ಈ ವಿಭಾಗವು ಅಳಿಯಲಿಲ್ಲ. ಆಗ ರೂಢಿಯಲ್ಲಿದ್ದುದು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಅಭ್ಯಾಸ ಮಾಡಿಸುವ ಪದ್ಧತಿ. ಇದರಿಂದ ಅತೃಪ್ತರಾದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದೆಡೆ ನಡೆಸಿದ ಪ್ರಯೋಗವು ನಮ್ಮ ಪ್ರಶ್ನೆಗೆ ಅತಿ ಸಮೀಪವಾದುದು. ಅದು ಶಾಲಾವಿಷಯಗಳ ಬೋಧನೆಯಲ್ಲ, ಇಂಗ್ಲಿಷಿನ ತರಗತಿಯೇ. ಆದರೆ ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ರೈಲ್ವೆ ವೇಳಾಪಟ್ಟಿ, ಭೂಪಟ, ದೂರ ಹಾಗೂ ವೆಚ್ಚದ ಲೆಕ್ಕ ಇವೇ ಪಾಠದ ಸಾಮಗ್ರಿ. ಉಪಾಧ್ಯಾಯರು ಒಂದು ಸಮಸ್ಯೆಯನ್ನು ತರಗತಿಯೊಡನೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರವಾಗಿ ಬಿಡಿಸುವರು. ಅಂತಹುದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಉತ್ತರವು ಸರಿಯೆ ತಪ್ಪೆ ಎಂಬುದರ ಮೇಲೆಯೇ ನಿರ್ಣಯ. ತರಗತಿಯ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧವನ್ನಾದರೂ ಸರಿಯಾಗಿ ಮಾಡಿದರೆ ಅದರ ಕಾಠಿಣ್ಯವು ತಕ್ಕಷ್ಟಿದೆಯೆಂದು ಎಣಿಕೆ. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯು ತಾನಾಗಿ ಕೂಡಿಬರುವುದೆಂಬುದು ಪ್ರಭು ಅವರ ಸಿದ್ಧಾಂತ.

ಈ ಪ್ರಯೋಗದ ಫಲವು ಆಶಾದಾಯಕವೆಂದು ಪರೀಕ್ಷಕರು ಎಚ್ಚರಿಕೆಯಿಂದ ಒಪ್ಪಿದರು. ನಮಗೆ ಹೆಚ್ಚು ಮುಖ್ಯವಾಗಿ ತೋರುವುದು 1990ರಲ್ಲಿ ಬೆರೆಟ್ಟಾ ಅವರು ಪ್ರಕಟಿಸಿದ ಇನ್ನೊಂದು ಪರಿಶೀಲನೆ. ಇಲ್ಲಿ ಪಾಠ ಮಾಡಿದವರಲ್ಲಿ ಬಹುಮಂದಿ ವಿಶೇಷ ಅರ್ಹತೆಯುಳ್ಳವರು. ಸಾಮಾನ್ಯ ಶಾಲಾಶಿಕ್ಷಕರಿಗೆ ಈ ಕ್ರಮವು ಅಷ್ಟಾಗಿ ಕೈವಶವಾಗಲಿಲ್ಲವೆಂದು ಅದರಿಂದ ತಿಳಿದುಬರುತ್ತದೆ. ಇದು ಆ ಶಿಕ್ಷಕರ ದೋಷವೆಂದು ನಾವು ಭಾವಿಸುವುದಿಲ್ಲ. ಅವರು ಪಡೆದ ತರಬೇತಿನಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ.

2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಪಠ್ಯವಾಯಿತು; 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ತೆಲುಗು ಮನೆಮಾತಿನ ಮಗುವಿಗೆ ಇದು ಮೂರನೆಯ ಭಾಷೆ. ಒಂದು ಸಣ್ಣ ನಿದರ್ಶನವನ್ನು ನೋಡಬಹುದು. ಕನ್ನಡದಲ್ಲಿ ‘ಹತ್ತರಲ್ಲಿ ನಾಲ್ಕನ್ನು ಕಳೆ’ ಎನ್ನುತ್ತೇವೆ. ತೆಲುಗಿನಲ್ಲಿಯೂ ಹತ್ತೇ ಮೊದಲು. ಇಂಗ್ಲಿಷಿನಲ್ಲಿ ‘ಟೇಕ್ ಫೋರ್ ಫ್ರಮ್ ಟೆನ್’ ಎಂದಾಗ ನಾಲ್ಕು ಮೊದಲು ಬರುತ್ತದೆ. ಕೇಳಿದ ಕ್ರಮದಲ್ಲಿಯೇ ಬರೆಯುವ ಮಗು ನಾಲ್ಕನ್ನು ಮೇಲೆ, ಹತ್ತನ್ನು ಕೆಳಗೆ ಇಡುತ್ತದೆ. ಗಣಿತದ ಉಪಾಧ್ಯಾಯರು ಇದನ್ನು ವ್ಯವಕಲನದ ತಪ್ಪೆಂದು ತಿದ್ದುವರು; ಇಂಗ್ಲಿಷಿನ ಉಪಾಧ್ಯಾಯರ ಕಣ್ಣಿಗೆ ಆ ಲೆಕ್ಕವು ಬೀಳುವುದೇ ಇಲ್ಲ. ಮಗುವಾದರೋ ಮರುದಿನವೂ ನಾಲ್ಕನ್ನು ಮೇಲೆಯೇ ಬರೆಯುತ್ತದೆ.